ಗೆಳೆಯನಿಗೊಂದು ಪತ್ರ: ಬೆಲ್ಲ ಬೆವರಿದ ಕಥೆ

ಮಾರಾಯ,

ಹೇಗಿದ್ದೀಯ? ಮಂಗಳೂರಿನಲ್ಲಿ ಮೂರು ದಿನದಿಂದ ಒಂದೇ ಮಳೆ. ಕದ್ರಿ ಗುಡ್ಡ ಕಾಣುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ತುಳುವರ ಆಟಿ ತಿಂಗಳಲ್ವಾ, ಬಾಯಿಗೆ ಮಾತ್ರ ಬಿಡುವಿಲ್ಲ.

ಮೊನ್ನೆ ಫೋನಿನಲ್ಲಿ ನೀನು ನಕ್ಕೆ. "ಅಕ್ಕಿಯುಂಡೆ ಪುಂಡಿ ತಿನ್ನುವವನಿಗೆ ಚಾಕೊಲೇಟಿನ ಹುಚ್ಚು ಎಂತದು?" ಅಂತ. ಆಗ ಉತ್ತರ ಹೊಳೆಯಲಿಲ್ಲ. ಈಗ ತಗೋ.

ಮೊದಲು ಪುಂಡಿಯ ವಿಷಯ. ಭಾನುವಾರ ನಾನೇ ಮಾಡಿದೆ. ಅಮ್ಮ ಕುರ್ಚಿಯಲ್ಲಿ ಕೂತು ಬೈಯುವ ಕೆಲಸ ಮಾತ್ರ ನೋಡಿಕೊಂಡರು. ಬೆಳ್ತಿಗೆ ಅಕ್ಕಿ ನೆನೆಸಿ, ತೆಂಗಿನತುರಿ ಸೇರಿಸಿ ತರಿತರಿಯಾಗಿ ರುಬ್ಬಿದೆ. ಸಾಸಿವೆ, ಉದ್ದಿನಬೇಳೆ ಒಗ್ಗರಣೆಗೆ ನೀರು ಹೊಯ್ದು ಕುದಿಸಿ, ಹಿಟ್ಟು ಸುರಿದು ಮಗುಚಿದೆ. ಈ ಮಗುಚುವುದುಂಟಲ್ಲ, ತೋಳು ಬಿದ್ದುಹೋಗುತ್ತದೆ! ಕೈಗೆ ನೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಹೆಬ್ಬೆರಳಲ್ಲಿ ನಡುವೆ ಗುಳಿ ಒತ್ತಬೇಕು. ಹಬೆಯಲ್ಲಿ ಬೆಂದ ಮೇಲೆ ಸಾರು ನಿಲ್ಲುವುದು ಆ ಗುಳಿಯಲ್ಲೇ. ನನ್ನದು ಒಂದೊಂದು ಒಂದೊಂದು ಗಾತ್ರ. "ಇದೆಂತ, ಅಣ್ಣ ತಮ್ಮನಾ?" ಎಂದರು ಅಮ್ಮ.

ಜೊತೆಗೆ ಸಿಗಡಿ ಹಾಕಿದ ಬಸಳೆ ಸಾರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ, ಒಣ ಸಿಗಡಿಯೇ ಗತಿ. ಗತಿ ಅಂದೆ, ಆದರೆ ನನ್ನ ಕೇಳಿದರೆ ಬಸಳೆಗೆ ಹಸಿ ಸಿಗಡಿಗಿಂತ ಒಣದ್ದೇ ಸರಿ. ಹುರಿಯುವಾಗ ಇಡೀ ಫ್ಲ್ಯಾಟಿಗೆ ಸುದ್ದಿ ಹೋಯಿತು. ಎಂಟು ಪುಂಡಿ ತಿಂದೆನಂತೆ. ಲೆಕ್ಕ ಅಮ್ಮನದು.

ಇನ್ನು ಚಾಕೊಲೇಟ್. ಪುತ್ತೂರಿನ ಮಾವನ ತೋಟ ನೆನಪುಂಟಾ? ಅಡಿಕೆ ಮರದ ನೆರಳಲ್ಲಿ ಕೊಕ್ಕೋ ಗಿಡ, ಕಾಂಡಕ್ಕೇ ಅಂಟಿಕೊಂಡ ಹಳದಿ ಕಾಯಿ. ನಾವು ಕಲ್ಲಿಗೆ ಜಜ್ಜಿ ಒಡೆದು, ಬಿಳಿ ತಿರುಳು ಚೀಪಿ, ಬೀಜ ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಮಾವ ಅಳಿಲಿಗಿಂತ ಜಾಸ್ತಿ ನಮ್ಮನ್ನೇ ಬೈಯುತ್ತಿದ್ದರು. ಚಾಕೊಲೇಟ್ ಆಗುವುದು ನಾವು ಉಗುಳಿದ ಆ ಬೀಜವೇ ಮಾರಾಯ!

ಹಸಿ ಬೀಜ ಬರೀ ಕಹಿ. ತಿರುಳಿನ ಸಮೇತ ರಾಶಿ ಹಾಕಿ, ಬಾಳೆಲೆ ಮುಚ್ಚಿ, ಸುಮಾರು ಆರು ದಿನ ಹುಳಿ ಬರಿಸಬೇಕು. ನಡುನಡುವೆ ಮಗುಚಬೇಕು, ಇಲ್ಲೂ ಅದೇ ಪಾಡು. ರಾಶಿಯ ಒಳಗೆ 45 ಡಿಗ್ರಿ ದಾಟುತ್ತದೆ, ಕೈ ಹಾಕಿದರೆ ಚುರುಕ್ ಅನ್ನುತ್ತದೆ. ಆಮೇಲೆ ಬಿಸಿಲು. ಒಂದು ಕಾಲದಲ್ಲಿ ಬೆಲೆ ಬಿದ್ದು, ಕೇಳುವವರಿಲ್ಲದೆ ಮಾವ ಗಿಡಕ್ಕೆ ಕತ್ತಿ ಹಾಕಲು ಹೊರಟಿದ್ದರಂತೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಇಲ್ಲೇ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕೊಕ್ಕೋ ಕೊಳ್ಳಲು ಮುಂದೆ ಬಂತು, ಕತ್ತಿ ಮೂಲೆಗೆ ಹೋಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆಯೂ ಶುರುವಾಯಿತು.

ಮೇ ತಿಂಗಳಲ್ಲಿ ಮಾವ ಒಂದು ಡಬ್ಬಿ ಒಣ ಬೀಜ ಕೊಟ್ಟಿದ್ದರು. ಪುಂಡಿಯ ಮರುದಿನ ಅದಕ್ಕೆ ಕೈ ಹಾಕಿದೆ. ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಹುರಿದೆ. ಮೊದಲು ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬೀಜ ಚಟಪಟ ಅನ್ನುವಾಗ ವಾಸನೆ ತಿರುಗಿತು ನೋಡು, ಅಮ್ಮ ದೇವರ ಕೋಣೆಯಿಂದ ಎದ್ದು ಬಂದರು. ಸಿಪ್ಪೆ ಸುಲಿದು, ಗೆರಸೆಯಲ್ಲಿ ಕೇರಿ, ಮಿಕ್ಸಿಯಲ್ಲಿ ಪುಡಿ ಮಾಡಿ, ದೋಸೆ ಹಿಟ್ಟಿನ ಗ್ರೈಂಡರಿಗೆ ಹಾಕಿದೆ. ನಗಬೇಡ. ಬೇರೆ ದೇಶಗಳಲ್ಲೂ ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್ ಮಾಡುವವರು ನಮ್ಮ ಈ ಗ್ರೈಂಡರನ್ನೇ ಸ್ವಲ್ಪ ತಿದ್ದಿ ಬಳಸುತ್ತಾರೆ.

ಎರಡು ಗಂಟೆಯಲ್ಲಿ ಪುಡಿ ಕರಗಿ ಹೊಳೆಯುವ ಕಪ್ಪು ಗಂಜಿಯಾಯಿತು. ಒಂದು ತೊಟ್ಟು ನೀರು ಹಾಕಿಲ್ಲ, ಬೀಜದೊಳಗಿನ ಕೊಬ್ಬೇ ಬಿಟ್ಟುಕೊಂಡದ್ದು. ಅಲ್ಲಿಗೇ ನಿಲ್ಲಿಸಿ ಸಕ್ಕರೆ ಹಾಕಿದ್ದರೆ ಆಗುತ್ತಿತ್ತು. ನನಗೆ ಜಂಬ, ಬೆಲ್ಲ ಹಾಕಿದೆ. ಆಟಿಯ ಮಳೆಗೆ ಡಬ್ಬಿಯೊಳಗಿನ ಬೆಲ್ಲವೂ ಬೆವರಿರುತ್ತದೆ ಅಂತ ತಲೆಗೆ ಹೋಗಲಿಲ್ಲ. ಚಾಕೊಲೇಟಿಗೂ ನೀರಿನ ಪಸೆಗೂ ಆಗಿಬರುವುದಿಲ್ಲ. ಕಣ್ಣೆದುರೇ ಹೊಳಪು ಹೋಗಿ, ಎಲ್ಲ ಮುದ್ದೆಗಟ್ಟಿ, ಕಲ್ಲು ಗಕ್ಕನೆ ನಿಂತಿತು. ಅಮ್ಮ ಇಣುಕಿ ನೋಡಿ, "ಇದನ್ನು ಅಂಗಳ ಸಾರಿಸಲಿಕ್ಕೆ ಮಾಡಿದ್ದಾ?" ಎಂದರು.

ಸ್ವಲ್ಪ ನೀರು ಕೆಡಿಸಿದ್ದನ್ನು ಜಾಸ್ತಿ ಹಾಲು ಸರಿಮಾಡುತ್ತದೆ. ಬಿಸಿ ಹಾಲು ಹೊಯ್ದು ಕಡೆದೆ, ಎರಡು ಏಲಕ್ಕಿ ಜಜ್ಜಿ ಹಾಕಿದೆ, ಚಿಟಿಕೆ ಉಪ್ಪು ಉದುರಿಸಿದೆ. ಸಂಜೆ ಕರೆಂಟ್ ಹೋಗಿತ್ತು. ಬಾಲ್ಕನಿಯಲ್ಲಿ ಕೂತು ಸ್ಟೀಲ್ ಲೋಟದಲ್ಲಿ ಕುಡಿದೆವು. ನಾಲಿಗೆಗೆ ಸ್ವಲ್ಪ ತರಿ ಸಿಗುತ್ತಿತ್ತು, ಕೊನೆಗೆ ಒಂದು ಹದವಾದ ಕಹಿ. ಬೈದ ಅಮ್ಮನೇ ಎರಡನೇ ಲೋಟ ಕೇಳಿದರು.

ಚೌತಿಗೆ ಬರುತ್ತೀಯಲ್ಲ? ಒಂದು ಹಿಡಿ ಬೀಜ ಉಳಿಸಿಟ್ಟಿದ್ದೇನೆ. ಪುಣೆಯಿಂದ ಒಳ್ಳೆ ಒಣ ಸಕ್ಕರೆ ತಾ. ಉಗುಳುವ ಪಂದ್ಯ ಮಾತ್ರ ಬೇಡ, ಮಾವನಿಗೆ ಈಗ ಬೀಜದ ಬೆಲೆ ಚೆನ್ನಾಗಿ ಗೊತ್ತು.

ನಿನ್ನ,
ಪುಂಡಿ ತಿನ್ನುವವ