ರೀಲ್ಸ್ ಮಾಡುವ ಮಕ್ಕಳ ಮನೆಯವರಿಗೆ ಒಂದು ಕಾಗದ

ಪೋಷಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಹೈಸ್ಕೂಲಿನ ಹುಡುಗಿಯೊಬ್ಬಳು ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಅಂತ ರಜೆ ಚೀಟಿ ಬಂದಿತ್ತು. ನಾಲ್ಕನೇ ದಿನ ಬಂದಳು, ಪಾಠ ಕೇಳಿದಳು. ಆದರೆ ಸಂಜೆ ಬೆಲ್ ಹೊಡೆದ ಮೇಲೆ ಬಸ್ ಸ್ಟಾಪಿಗೆ ಹೋಗಲಿಲ್ಲ. ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬ್ಯಾಗ್ ತಬ್ಬಿಕೊಂಡು ನಿಂತಿದ್ದಳು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಸುಮ್ನೆ ಕಾದೆ. ಹತ್ತು ನಿಮಿಷ ಆದ ಮೇಲೆ ಮಾತು ಹೊರಗೆ ಬಂತು. (ಅವಳನ್ನೂ ಅವಳ ಮನೆಯವರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾರ ಮನೆ ಮಗು ಅಂತ ದಯವಿಟ್ಟು ಹುಡುಕಲು ಹೋಗಬೇಡಿ.)

ನಡೆದದ್ದು ಇಷ್ಟು. ಇವಳೂ ಸೇರಿ ಮೂವರು ಗೆಳತಿಯರು ಶಾಲೆ ಬಿಟ್ಟ ಮೇಲೆ ಗೇಟಿನ ಮುಂದೆ ನಿಂತು ಒಂದು ಹಾಡಿಗೆ ಸ್ಟೆಪ್ ಹಾಕಿ ರೀಲ್ಸ್ ಮಾಡಿದ್ದಾರೆ. ನಾನೂ ನೋಡಿದೆ. ಚೆನ್ನಾಗಿಯೇ ಕುಣಿದಿದ್ದಾರೆ, ತಪ್ಪೇನೂ ಕಾಣಲಿಲ್ಲ. ಆಮೇಲೆ ಅದನ್ನೇ ನಿಲ್ಲಿಸಿ ನಿಲ್ಲಿಸಿ ಇನ್ನೊಂದು ಸಲ ನೋಡಿದೆ. ಹಿಂದೆ ಶಾಲೆಯ ಬೋರ್ಡು, ಊರಿನ ಹೆಸರು ಸಮೇತ. ಕೊರಳಲ್ಲಿ ಐಡಿ ಕಾರ್ಡು. ಕೊನೆಯಲ್ಲಿ ಒಬ್ಬಳ ದನಿ: "ಏ ಬಾರೇ, ನಾಲ್ಕೂ ನಲವತ್ತರ ಬಸ್ ಬಂತು." ಇಪ್ಪತ್ತು ಸೆಕೆಂಡಿನಲ್ಲಿ ಮುಖ, ಶಾಲೆ, ಊರು, ಹೊತ್ತು ಎಲ್ಲ ಸಿಕ್ಕಿತು. ಒಂದು ವಾರದ ಮೇಲೆ ಇವಳಿಗೆ ಗುರುತಿಲ್ಲದ ಒಬ್ಬನ ಮೆಸೇಜ್ ಬಂತು: "ಇವತ್ತು ನಿನ್ ಬಸ್ ಲೇಟಾ?"

ಅದನ್ನು ಓದಿ ನನ್ನ ಕೈಯೇ ತಣ್ಣಗಾಯಿತು.

ಮನೆಯಲ್ಲಿ ಯಾಕಮ್ಮ ಹೇಳಲಿಲ್ಲ ಅಂದೆ. "ಹೇಳಿದ್ರೆ ಅಪ್ಪ ಫೋನ್ ಕಿತ್ಕೋತಾರೆ ಮಿಸ್. ಸ್ಕೂಲೂ ಬಿಡಿಸ್ತಾರೆ" ಅಂದಳು. ಮೆಸೇಜ್ ಕಳಿಸಿದವನ ಮೇಲೆ ದೂರು ಕೊಟ್ಟಾಗಿದೆ. ನನ್ನನ್ನು ಕಾಗದ ಬರೆಯಲು ಕೂರಿಸಿದ್ದು ಮಾತ್ರ ಈ ಮಾತು. ಅಪ್ಪನನ್ನು ಕರೆಸಿದೆ. ಅವರು ಬೈಯಲಿಲ್ಲ. "ಮೊದಲೇ ಹೇಳಬಾರದಾ ಮಗಾ" ಅಂದರು, ಅಷ್ಟೇ. ಅಪ್ಪ ಅಷ್ಟೇ ಹೇಳುತ್ತಾರೆ ಅಂತ ಮಗಳಿಗೆ ಗೊತ್ತಿರಲಿಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. "ಫೋನಲ್ಲಿ ಏನೇ ಆದ್ರೂ ಬಂದು ಹೇಳು. ಹೇಳಿದ್ದಕ್ಕೆ ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ" ಅಂತ ಮಕ್ಕಳಿಗೆ ಈಗಲೇ ಮಾತು ಕೊಡಿ. ಏನೂ ಆಗದಿರುವಾಗ, ರಾತ್ರಿ ಊಟಕ್ಕೆ ಕೂತಾಗ ಕೊಡಿ. ಮಕ್ಕಳನ್ನು ಹೆದರಿಸುವವರೆಲ್ಲ ಮೊದಲು ಹೇಳುವುದೇ "ನಿಮ್ಮಪ್ಪಂಗೆ ಕಳಿಸ್ತೀನಿ" ಅಂತ. ಅಪ್ಪ ಮೊದಲೇ ಮಾತು ಕೊಟ್ಟಿದ್ದರೆ ಆ ಬೆದರಿಕೆ ಅಲ್ಲಿಗೇ ಠುಸ್.

ಮೊಬೈಲೇ ಬೇಡ ಅನ್ನುವವರು ನಿಮ್ಮಲ್ಲಿ ಇದ್ದೀರಿ. ನಾನು ಆ ಮಾತು ಆಡುವ ಹಾಗಿಲ್ಲ. ಕೊರೊನಾ ಸಮಯದಲ್ಲಿ ಆನ್‌ಲೈನ್ ಪಾಠಕ್ಕೆ ಮೊಬೈಲ್ ಕೊಡಿಸಿ ಅಂತ ನಿಮ್ಮ ಮನೆಗೆ ಫೋನ್ ಮಾಡಿದವಳೇ ನಾನು. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಉಸ್ಸಪ್ಪಾ ಅಂದೆವು. ಜುಲೈನಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂತು. ಒಂದು ಹೋದರೆ ಇನ್ನೊಂದು ಬರುತ್ತೆ, ಅಲ್ವಾ?

ಈಗ ಒಂದು ಕೆಲಸ ಮಾಡಿ. ಮಗುವಿನ ಪಕ್ಕ ಕೂತು ಅಕೌಂಟಿನಲ್ಲಿ ಹುಟ್ಟಿದ ವರ್ಷ ಏನು ಹಾಕಿದೆ ಅಂತ ನೋಡಿ. ಮೇಲೆ ಹೇಳಿದ ಹುಡುಗಿಯದು 1998 ಅಂತಿತ್ತು! ಹದಿಮೂರು ತುಂಬದೆ ಇನ್‌ಸ್ಟಾಗ್ರಾಮ್ ಅಕೌಂಟ್ ತೆರೆಯುವ ಹಾಗಿಲ್ಲ. ಅದಕ್ಕೆ ಐದನೇ ಕ್ಲಾಸಿನಲ್ಲೇ ಬಾಯಿಗೆ ಬಂದ ವರ್ಷ ಒತ್ತಿ ಒಳಗೆ ಹೋಗಿರುತ್ತಾರೆ. ಅದು ಅಲ್ಲೇ ಉಳಿದುಬಿಡುತ್ತದೆ. 2025ರ ಫೆಬ್ರುವರಿಯಿಂದ ನಮ್ಮ ದೇಶದಲ್ಲೂ ಹದಿನೆಂಟರ ಒಳಗಿನವರಿಗೆ ಟೀನ್ ಅಕೌಂಟ್ ಬಂದಿದೆ. ಅದರಲ್ಲಿ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಟಿಂಗ್ ಟಿಂಗ್ ಸದ್ದಿಲ್ಲ. ಹದಿನಾರರ ಒಳಗಿನವರು ಇವನ್ನು ಸಡಿಲ ಮಾಡಬೇಕಾದರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಆದರೆ 1998 ಅಂತ ಹಾಕಿದವಳು ಕಂಪನಿಯ ಲೆಕ್ಕದಲ್ಲಿ ದೊಡ್ಡ ಹೆಂಗಸು. ಇಷ್ಟರಲ್ಲಿ ಒಂದೂ ಅವಳ ಪಾಲಿಗೆ ಇರಲಿಲ್ಲ.

ಅಮ್ಮನ ಫೋನು, ಅಮ್ಮನ ನಂಬರು, ಅಮ್ಮನ ಅಕೌಂಟಿನಲ್ಲೇ ಮಗು ನೋಡುವ ಮನೆಗಳು ನಮ್ಮಲ್ಲಿ ಜಾಸ್ತಿ. ಅಲ್ಲೂ ಕಥೆ ಇದೇ. ಆ್ಯಪಿಗೆ ಕೂತಿರುವುದು ಅಮ್ಮ ಅಂತಲೇ ಲೆಕ್ಕ, ಅಮ್ಮನಿಗೆ ತೋರಿಸುವುದನ್ನೇ ಮಗುವಿಗೂ ತೋರಿಸುತ್ತದೆ. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಬೇರೆಯೇ ಇದೆ, ಅದನ್ನು ಹಾಕಿಕೊಡಿ. ಲೈವ್ ಮಾಡುತ್ತೀನಿ ಅನ್ನುವ ದೊಡ್ಡ ಹುಡುಗರಿಗೆ ಒಂದು ವಿಷಯ ತಿಳಿಸಿ: 2025ರ ಜುಲೈನಿಂದ ಯೂಟ್ಯೂಬಿನಲ್ಲಿ ಒಬ್ಬರೇ ಲೈವ್ ಮಾಡಲು ಹದಿನಾರು ತುಂಬಿರಬೇಕು.

ಪ್ರೈವೇಟ್ ಮಾಡಿದ ಮೇಲೂ ಫಾಲೋವರ್ಸ್ ಪಟ್ಟಿ ಒಮ್ಮೆ ನೋಡಿ. ಮೊದಲೇ ಒಳಗೆ ಬಂದವರು ಬಾಗಿಲು ಹಾಕಿದ ಮಾತ್ರಕ್ಕೆ ಹೊರಗೆ ಹೋಗುವುದಿಲ್ಲ. "ಇವರು ಯಾರು?" ಅಂತ ಒಬ್ಬೊಬ್ಬರನ್ನೇ ಕೇಳಿ, ಮಗುವಿಗೆ ಗೊತ್ತಿಲ್ಲದವರನ್ನು ಮಗುವಿನ ಕೈಯಲ್ಲೇ ತೆಗೆಸಿ.

ನಮ್ಮ ತಪ್ಪನ್ನೂ ಹೇಳಬೇಕು. ಹೋದ ವರ್ಷ ವಾರ್ಷಿಕೋತ್ಸವದ ಡ್ಯಾನ್ಸ್ ವಿಡಿಯೊಗಳನ್ನು ಮಕ್ಕಳ ಹೆಸರು, ತರಗತಿ ಹಾಕಿ ಶಾಲೆಯ ಯೂಟ್ಯೂಬ್ ಚಾನೆಲ್ಲಿಗೆ ಏರಿಸಿದ್ದೆವು. ಮಕ್ಕಳು ಚೆನ್ನಾಗಿ ಮಾಡಿದ್ದಾರೆ, ನಾಲ್ಕು ಜನ ನೋಡಲಿ ಅಂತ. ಯಾರೋ ಆರನೇ ಕ್ಲಾಸಿನ ಮಕ್ಕಳ ತುಣುಕು ಕತ್ತರಿಸಿ, ಕೊಳಕು ಹಾಡು ಸೇರಿಸಿ ಬಿಟ್ಟರು. ರಿಪೋರ್ಟ್ ಮಾಡಿ ತೆಗೆಸಿದೆವು. ಎಲ್ಲ ಕಡೆಯಿಂದಲೂ ಹೋಯಿತಾ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ಚಾನೆಲ್ಲಿನಲ್ಲಿ ಈಗ ಮಕ್ಕಳ ಮುಖ ಕಾಣುವ ಒಂದು ವಿಡಿಯೊವೂ ಇಲ್ಲ. ನೀವೂ ಬರ್ತ್‌ಡೇ ಸ್ಟೇಟಸ್ ಹಾಕುವಾಗ ಯೂನಿಫಾರ್ಮಿನ ಫೋಟೊ ಬಿಟ್ಟು ಬೇರೆ ಹಾಕಿ.

ಯಾರಾದರೂ ಫೋಟೊ, ವಿಡಿಯೊ ಇಟ್ಟುಕೊಂಡು ಹೆದರಿಸಿದರೆ ದುಡ್ಡು ಕೊಡಬೇಡಿ. ಕೊಟ್ಟರೆ ಇನ್ನೂ ಕೇಳುತ್ತಾರೆ. ಗಾಬರಿಯಲ್ಲಿ ಮೆಸೇಜ್ ಅಳಿಸಬೇಡಿ, ಅದೇ ಸಾಕ್ಷಿ. ಅಕೌಂಟಿನ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಬ್ಲಾಕ್ ಮಾಡಿ. ದೂರಿಗೆ ಸೈಬರ್ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098, ಅಥವಾ ಹತ್ತಿರದ ಪೊಲೀಸ್ ಠಾಣೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಗುವಿನ ಅಸಭ್ಯ ಚಿತ್ರ ಯಾವುದಾದರೂ ನಿಮ್ಮ ಫೋನಿಗೆ ಬಂದರೆ "ಇದು ಯಾರ ಮಗು ನೋಡಿ" ಅಂತ ಕ್ಲಾಸ್ ಗ್ರೂಪಿಗೆ ಹಾಕಬೇಡಿ. ನನಗೂ ಕಳಿಸಬೇಡಿ. ಒಳ್ಳೆಯ ಮನಸ್ಸಿನಿಂದ ಕಳಿಸಿದರೂ ಹಂಚುವುದು ಕಾನೂನಿನಲ್ಲಿ ಅಪರಾಧ, ಮಗುವಿಗೆ ಆಗುವ ನೋವು ಬೇರೆ. ಫೋನ್ ಹಿಡಿದುಕೊಂಡು ನೇರವಾಗಿ ಠಾಣೆಗೆ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನಗೆ ಹೇಳಿ, ಜೊತೆಗೆ ನಾನು ಬರುತ್ತೇನೆ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ, ಹನ್ನೆರಡಕ್ಕೆ, ಕಂಪ್ಯೂಟರ್ ಲ್ಯಾಬಿನಲ್ಲಿ ಸೇರೋಣ. ಭಾಷಣ ಇರುವುದಿಲ್ಲ. ಪ್ರತಿ ಬೆಂಚಿನಲ್ಲಿ ನೀವು, ನಿಮ್ಮ ಮಗು, ನಿಮ್ಮ ಫೋನು. ಸೆಟ್ಟಿಂಗ್ಸ್ ಬದಲಿಸುವುದನ್ನು ಕಂಪ್ಯೂಟರ್ ಮೇಷ್ಟ್ರು ತೋರಿಸುತ್ತಾರೆ. ನಿಮಗಿಂತ ಬೇಗ ಮಕ್ಕಳೇ ಮಾಡಿಬಿಡುತ್ತಾರೆ ಅನ್ನುವುದು ನನಗೂ ಗೊತ್ತು, ಅವರ ಹತ್ತಿರವೇ ಮಾಡಿಸೋಣ. ಗಾರ್ಮೆಂಟ್ಸ್‌ಗೆ, ತೋಟದ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಇನ್ನೊಂದು ಸಲ ಇಟ್ಟಿದ್ದೇವೆ.

ಫೋನ್ ಫುಲ್ ಚಾರ್ಜ್ ಮಾಡಿಕೊಂಡು ಬನ್ನಿ. ಲ್ಯಾಬಿನಲ್ಲಿ ಇರುವುದು ಎರಡೇ ಪ್ಲಗ್ಗು.

ನಿಮ್ಮ,
ಮುಖ್ಯ ಶಿಕ್ಷಕಿ