ಜಪಾನ್ ಸರಿ ಉತ್ತರ, ನನ್ನ ಅಂಕ ವಾಪಸ್ ಕೊಡಿ

ಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಭಾನುವಾರದ ಕ್ವಿಜ್‌ನ 9ನೇ ಪ್ರಶ್ನೆಗೆ ಸರಿ ಉತ್ತರ ಕೊಟ್ಟರೂ ತಪ್ಪೆಂದು ಆಟದಿಂದ ಹೊರಹಾಕಿದ ಬಗ್ಗೆ

ಮಾನ್ಯರೇ,

ನಿಮ್ಮ ಕನ್ನಡ ಕ್ವಿಜ್ ಆ್ಯಪ್‌ಗೆ ವರ್ಷಕ್ಕೆ 499 ರೂಪಾಯಿ ಕಟ್ಟಿ ಆಡುತ್ತಿರುವವನು ನಾನು. ಕಳೆದ ಭಾನುವಾರ ರಾತ್ರಿ ಸತತವಾಗಿ ಎಂಟು ಉತ್ತರ ಸರಿಯಾಗಿದ್ದವು. ಇನ್ನೆರಡು ದಾಟಿದ್ದರೆ 2,000 ರೂಪಾಯಿಯ ಪುಸ್ತಕದ ಕೂಪನ್ ನನ್ನದು.

ಒಂಬತ್ತನೆಯ ಪ್ರಶ್ನೆ ಇದು: ‘ಅಮೆರಿಕನ್ ಫುಟ್‌ಬಾಲ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ದೇಶ ಯಾವುದು?’ ಹಿಂದೆ ಮುಂದೆ ನೋಡದೆ ಜಪಾನ್ ಒತ್ತಿದೆ. ಫೋನ್ ಗುರ್ ಅಂದಿತು, ಪರದೆ ಕೆಂಪಾಯಿತು. ‘ಸರಿ ಉತ್ತರ: ಅಮೆರಿಕ.’ ಪಕ್ಕದಲ್ಲಿ ಕೂತಿದ್ದ ಹೆಂಡತಿ, ‘ಅಮೆರಿಕನ್ ಅಂತ ಹೆಸರಲ್ಲೇ ಇದೆಯಲ್ರೀ’ ಎಂದಳು. ಅವಳು ಹಾಗಂದರೆ ತಪ್ಪಿಲ್ಲ. ಅವಳೇನು ಕ್ವಿಜ್ ನಡೆಸಿ ದುಡ್ಡು ತಗೊಳ್ಳುವುದಿಲ್ಲ.

ಮೊದಲ ಚಾಂಪಿಯನ್‌ಷಿಪ್ ಆಗಿದ್ದು 1999ರಲ್ಲಿ, ಇಟಲಿಯ ಪಲೆರ್ಮೊದಲ್ಲಿ. ಫೈನಲ್ ಓವರ್‌ಟೈಮ್‌ಗೆ ಹೋಗಿ ಜಪಾನ್ 6-0ಯಿಂದ ಮೆಕ್ಸಿಕೊವನ್ನು ಸೋಲಿಸಿತು. ಅಮೆರಿಕ ಗೆಲ್ಲುವುದಿರಲಿ, ತಂಡವನ್ನೇ ಕಳಿಸಿರಲಿಲ್ಲ. 2003ರಲ್ಲಿ ಜರ್ಮನಿಯಲ್ಲೂ ಅದೇ ಕಥೆ. ಜಪಾನ್ 34, ಮೆಕ್ಸಿಕೊ 14. ಅಮೆರಿಕದವರು ಈ ಟೂರ್ನಿಗೆ ಮೊದಲು ಕಾಲಿಟ್ಟಿದ್ದೇ 2007ರಲ್ಲಿ.

ಇದು ಎಲ್ಲೋ ಓದಿ ಬಾಯಿಪಾಠ ಮಾಡಿದ್ದಲ್ಲ. ಆ ವರ್ಷ ನಾನು ಕೆಲಸದ ಮೇಲೆ ಜಪಾನಿನ ಕವಾಸಾಕಿಯಲ್ಲಿದ್ದೆ. ಟೂರ್ನಿ ನಡೆದದ್ದೂ ಅದೇ ಊರಲ್ಲಿ. ‘ಅಮೆಫುಟೊ ನೋಡೋಣ ಬಾ’ ಅಂತ ಆಫೀಸಿನವರು ಎಳೆದುಕೊಂಡು ಹೋದರು. ಅಲ್ಲಿ ಈ ಆಟಕ್ಕೆ ಹಾಗೇ ಹೇಳುವುದು. 1930ರ ದಶಕದಿಂದಲೂ ಅಲ್ಲಿನ ಕಾಲೇಜು ಹುಡುಗರು ಆಡುತ್ತಾ ಬಂದಿದ್ದಾರೆ. ಅಮೆರಿಕ ತಂಡದಲ್ಲಿ ಅವರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟಗಾರರು ಇರಲಿಲ್ಲ, ಆಗಷ್ಟೇ ಕಾಲೇಜು ಮುಗಿಸಿದವರೇ ಜಾಸ್ತಿ. ಆದರೂ ಒಬ್ಬೊಬ್ಬನೂ ಗೋಡೆ ಇದ್ದಂತಿದ್ದ. ಜಪಾನ್-ಅಮೆರಿಕ ಫೈನಲ್ ಸಮ ಆಯಿತು, ಮೊದಲ ಓವರ್‌ಟೈಮ್ ಮುಗಿದರೂ ಸಮ. ಎರಡನೆಯದರಲ್ಲಿ ಅಮೆರಿಕದವರು ಚೆಂಡನ್ನು ಕಂಬಗಳ ನಡುವೆ ಒದ್ದು ಒಂದು ಫೀಲ್ಡ್ ಗೋಲ್ ಹೊಡೆದರು. 23-20. ನನ್ನ ಪಕ್ಕದ ಸೀಟಿನಲ್ಲಿ ವಯಸ್ಸಾದ ಒಬ್ಬರು ಶುರುವಿನಿಂದ ಟವೆಲ್ ಬೀಸುತ್ತಲೇ ಇದ್ದರು. ಚೆಂಡು ಕಂಬಗಳ ನಡುವೆ ಹೋದದ್ದನ್ನು ನೋಡಿ, ಟವೆಲನ್ನು ಮಂಡಿ ಮೇಲಿಟ್ಟುಕೊಂಡು, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಒಂದು ಮಾತಿಲ್ಲ. ಎರಡು ಸಲ ಗೆದ್ದ ಕಪ್ ಕೈತಪ್ಪಿದ ದಿನ ಅದು. ನಿಮ್ಮ ಲೆಕ್ಕದಲ್ಲಿ ಅವರು ಗೆದ್ದೇ ಇಲ್ಲ!

ತಕರಾರು ಹಾಕೋಣವೆಂದರೆ ನಿಮ್ಮ ಡಬ್ಬಿಯಲ್ಲಿ 100 ಅಕ್ಷರ ಮಾತ್ರ ಹಿಡಿಯುತ್ತದೆ. ಪಲೆರ್ಮೊ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ನಾಲ್ಕೇ ನಿಮಿಷಕ್ಕೆ ಉತ್ತರ ಬಂತು: ‘ನಮ್ಮ ಪರಿಣತರು ಪರಿಶೀಲಿಸಿದ್ದಾರೆ. ಹೆಚ್ಚು ಸಲ ಗೆದ್ದಿರುವುದು ಅಮೆರಿಕ.’ ಹೌದು ಸ್ವಾಮಿ, 2007, 2011, 2015 ಮೂರೂ ಅವರದೇ. ಕೊನೆಯ ಸಲ ಇದೇ ಜಪಾನಿಗೆ 59-12ರಿಂದ ಬಡಿದರು. ಆದರೆ ನೀವು ಕೇಳಿದ್ದು ಮೊದಲು ಗೆದ್ದವರು ಯಾರು ಅಂತ ಅಲ್ವಾ? ಆಟ ಯಾರದೋ ಕಪ್ ಕೂಡ ಅವರದೇ ಅನ್ನುವುದಾದರೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಚಿನ್ನ ಇರಾನಿಗೆ ಹೋದದ್ದನ್ನು ನಿಮ್ಮ ಪರಿಣತರು ಏನೆಂದು ಬರೆದುಕೊಳ್ಳುತ್ತಾರೋ.

ಆ ಪ್ರಶ್ನೆಯ ಉತ್ತರ ತಿದ್ದಿ. ಜಪಾನ್ ಒತ್ತಿ ಹೊರಬಿದ್ದವರು ಬೇರೆಯವರೂ ಇರಬಹುದು, ಅವರಿಗೂ ಅಂಕ ಕೊಡಿ. ನನಗೆ ಹತ್ತನೆಯ ಪ್ರಶ್ನೆ ಬಾಕಿ ಇದೆ, ಅದನ್ನು ಕೇಳಿ. ಅದು ತಪ್ಪಾದರೆ ಸುಮ್ನೆ ಒಪ್ಪಿಕೊಳ್ಳುತ್ತೇನೆ. ಸರಿಯಾದರೆ ಮಾತ್ರ ಕೂಪನ್ ಕಳಿಸಲೇಬೇಕು. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಎರಡು ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ಈ ತಿಂಗಳ 28ಕ್ಕೆ ನನ್ನ ಚಂದಾ ಮುಗಿಯುತ್ತದೆ. ಅಷ್ಟರೊಳಗೆ ಉತ್ತರ ಬರಲಿ, ಆ ನಾಲ್ಕು ನಿಮಿಷದ ಉತ್ತರದಂಥದ್ದು ಬೇಡ.

ಇಂತಿ,
ನಿಮ್ಮ ಚಂದಾದಾರ
ಮೈಸೂರು