ಡೆಕ್ಕಿಗೆ ಇನ್‌ಸ್ಪೆಕ್ಷನ್ ಪೋರ್ಟ್: ಕೊರೆಯುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ ನಮ್ಮ ಲೇಸರ್ ದೋಣಿಗಳಿಗೆ (ಒಬ್ಬರೇ ಓಡಿಸುವ ಪುಟ್ಟ ಹಾಯಿದೋಣಿ) ಇನ್‌ಸ್ಪೆಕ್ಷನ್ ಪೋರ್ಟ್, ಅಂದರೆ ಡೆಕ್ಕಿನಲ್ಲಿ (ದೋಣಿಯ ಮೇಲ್ಭಾಗ) ತೂತು ಕೊರೆದು ಹಾಕುವ ಮುಚ್ಚಳದ ಕಿಂಡಿ, ಕೂರಿಸುತ್ತೇವೆ. ಮಾಸ್ಟ್ (ಹಾಯಿಕಂಬ) ನಿಲ್ಲುವ ಕೊಳವೆಯ ಬುಡವನ್ನು ಒಳಗಿನಿಂದ ರಿಪೇರಿ ಮಾಡಲು ಇದು ಬೇಕೇ ಬೇಕು. ಲೇಸರ್ ಕ್ಲಾಸ್ ನಿಯಮದಂತೆ (ಈ ಮಾದರಿಯ ದೋಣಿಗಳ ರೇಸ್ ನಿಯಮ) ಪೋರ್ಟಿನ ಒಳವ್ಯಾಸ 153 ಮಿ.ಮೀ. ದಾಟಬಾರದು. ಹಾಗಂತ ತೀರಾ ಚಿಕ್ಕದು ತರಬೇಡಿ. ಕೈ ಹೋಗದ ತೂತು ಯಾಕೆ, ಅಲ್ವಾ?

ಡೆಕ್ ಸಮತಟ್ಟಾಗಿರುವ ಕಡೆಯೇ ಗುರುತು ಮಾಡಿ. ಉಬ್ಬಿದ ಕಡೆ ಪೋರ್ಟಿನ ರಿಂಗ್ ಸೊಟ್ಟಗಾಗಿ ನೀರು ಸೋರುತ್ತದೆ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಜಿಗ್‌ಸಾ ನಿಧಾನವಾಗಿ ಓಡಿಸಿ. ಫೈಬರ್ ಪುಡಿ ಕೆಟ್ಟದ್ದು, ಮಾಸ್ಕ್ ಕಡ್ಡಾಯ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿದು, ಅದು ಗಟ್ಟಿಯಾದ ಮೇಲೆಯೇ ಸೀಲೆಂಟ್ (ನೀರು ಸೋರದಂತೆ ಹಾಕುವ ಅಂಟು) ಹಾಕಿ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯಬೇಡಿ, ಸೀಲೆಂಟ್ ಪೂರ್ತಿ ಆಚೆ ಬಂದುಬಿಡುತ್ತದೆ.

ದೋಣಿ ದಡದಲ್ಲಿದ್ದಾಗ ಮುಚ್ಚಳ ತೆಗೆದಿಡಿ, ಒಳಗೆ ಗಾಳಿಯಾಡಲಿ. ನೀರಿಗಿಳಿಸುವ ಮುಂಚೆ ಹಾಕಲು ಮರೆಯಬೇಡಿ ಮಾತ್ರ! ಡ್ರಿಲ್ ಇರುವವರು ತನ್ನಿ.